ಮಗಳು ಹೋಗುತ್ತಿರುವುದು ಬೀಚಿಗಲ್ಲ, ಒಂದು ಮನೆಗೆ

ಪ್ರಶ್ನೆ: ನಾವು ಮಂಡ್ಯದ ಕಡೆಯವರು. ಹದಿನೆಂಟು ವರ್ಷದಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಇಲ್ಲೇ ಹುಟ್ಟಿದವಳು, ಈಗ ಒಂಬತ್ತನೇ ಗ್ರೇಡು. ಪರ್ತ್ ಆಂಬೊಯ್‌ನ ಡೊಮಿನಿಕನ್ ಗೆಳತಿಯರ ಜೊತೆ ಸೇರಿ ಸ್ಪ್ಯಾನಿಷ್ ಹುಚ್ಚು ಹಿಡಿಸಿಕೊಂಡಿದ್ದಾಳೆ. ಹತ್ತನೇ ಗ್ರೇಡನ್ನು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ಅಲ್ಲಿಯವರ ಮನೆಯಲ್ಲೇ ಇದ್ದು ಓದುತ್ತೇನೆ ಅಂತ ಹಟ. ನಮ್ಮನೆಯವರು "ಬೀಚಿಗೆ ಹೋಗೋಕೆ ಓದು ಅಂತ ನೆಪ" ಅಂತಾರೆ. ನನಗೆ ಭಯ ಬೇರೆ ಥರದ್ದು. ಹುಡುಗಿಗೆ ಅಲ್ಲಿ ಸೇಫಾ? ಅವಳು ಸಸ್ಯಾಹಾರಿ, ಮೊಟ್ಟೆ ಮಾತ್ರ ತಿಂತಾಳೆ. ಇಲ್ಲಿಯ ಒಂದು ವರ್ಷ ಹಾಳಾಗೋದಿಲ್ವಾ?

ಉತ್ತರ: ಮೊದಲು ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರು ಪುಂತ ಕಾನ ಅನ್ನೋ ಹೆಸರು ಕೇಳಿರಬೇಕು. ಅದು ದ್ವೀಪದ ಪೂರ್ವದ ತುದಿ, ರೆಸಾರ್ಟುಗಳ ಊರು. ಎಕ್ಸ್‌ಚೇಂಜಿಗೆ ಹೋದ ಮಕ್ಕಳು ಸಾಮಾನ್ಯವಾಗಿ ಇರುವುದು ರಾಜಧಾನಿ ಸಾಂತೊ ದೊಮಿಂಗೊದಲ್ಲಿ, ಇಲ್ಲವೇ ಸಾಂತಿಯಾಗೊದಂಥ ಒಳನಾಡಿನ ಊರಲ್ಲಿ. ನಾನು ಸಾಂತಿಯಾಗೊದಲ್ಲಿ ಎರಡು ವರ್ಷ ಇದ್ದವಳು. ಅಲ್ಲಿಂದ ಸಮುದ್ರ ನೋಡಬೇಕು ಅಂದರೆ ಬೆಟ್ಟ ದಾಟಿ ಪುವೆರ್ತೊ ಪ್ಲಾತಕ್ಕೆ ಒಂದೂವರೆ ಗಂಟೆ ಹೋಗಬೇಕು. ಎಷ್ಟು ಸಲ ಹೋದೆ ಅಂತ ಬೆರಳಲ್ಲಿ ಎಣಿಸಬಹುದು. ದ್ವೀಪ ಅಂದ ಕೂಡಲೇ ಚಿಕ್ಕದು ಅಂದುಕೊಳ್ಳಬೇಡಿ. ಹಿಸ್ಪಾನಿಯೋಲ ಅನ್ನೋ ಆ ದ್ವೀಪದ ಪೂರ್ವದ ಮೂರನೇ ಎರಡು ಭಾಗ ಈ ದೇಶ, ಪಶ್ಚಿಮದ್ದು ಹೈಟಿ. ಒಂದು ಕೋಟಿಗೂ ಜಾಸ್ತಿ ಜನ. ಮೂರು ಸಾವಿರ ಮೀಟರ್ ದಾಟುವ ಬೆಟ್ಟವೂ ಇದೆ. ಅದು ಪಿಕೊ ದುವಾರ್ತೆ, ಇಡೀ ಕೆರಿಬಿಯನ್‌ಗೆ ಅದೇ ಎತ್ತರ.

ಹಾಗಾಗಿ ಬೀಚಿನ ಚಿಂತೆ ಬಿಡಿ. ಮಕ್ಕಳನ್ನು ಹೀಗೆ ಬೇರೆ ದೇಶಕ್ಕೆ ಓದಲು ಕಳಿಸುವ ಕೆಲಸಕ್ಕೆ ಬಂದು ಹನ್ನೆರಡು ವರ್ಷ ಆಯಿತು. ಮಗು ಯಾವ ದೇಶಕ್ಕೆ ಹೋಯಿತು ಅನ್ನೋದಕ್ಕಿಂತ ಯಾವ ಮನೆಗೆ ಹೋಯಿತು ಅನ್ನೋದರ ಮೇಲೆಯೇ ವರ್ಷ ನಿಂತಿರುತ್ತದೆ. ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಆ ಮನೆಯೇ. ಮೂರನೆಯದಕ್ಕೆ ಮಾತ್ರ ನಿಮ್ಮ ಸ್ಕೂಲು.

ಮನೆಯೊಳಗೆ ಹೋಗೋಣ. ಎಡಿಸನ್‌ನಲ್ಲಿ ಬೆಳೆದ ಹುಡುಗಿಗೆ ಅಲ್ಲಿ ಮೊದಲು ಕಷ್ಟವಾಗುವುದು ಕರೆಂಟು. ಹೋಗುತ್ತದೆ, ಯಾವಾಗ ಅಂತಿಲ್ಲ. ಅನುಕೂಲ ಇರುವ ಮನೆಗಳಲ್ಲಿ 'ಇನ್ವೆರ್ಸೋರ್' ಇರುತ್ತದೆ, ನಮ್ಮ ಬ್ಯಾಟರಿ ಯುಪಿಎಸ್ಸೇ. ಫ್ಯಾನು, ದೀಪ ಓಡುತ್ತವೆ, ಎಸಿ ಓಡುವುದಿಲ್ಲ. ಕರೆಂಟು ವಾಪಸ್ ಬಂದಾಗ "ಯೇಗೊ ಲಾ ಲುಸ್!" ಅಂತ ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಕೂಗುತ್ತಾರೆ. ಬೆಳಕು ಬಂತು ಅಂತ ಅರ್ಥ. ಮಳವಳ್ಳಿಯಲ್ಲೋ ಮದ್ದೂರಲ್ಲೋ ಬೆಳೆದವರಿಗೆ ಆ ಕೂಗು ಬೇರೆ ಹೇಳಿಕೊಡಬೇಕಾಗಿಲ್ಲ. ನೀರೂ ಅಷ್ಟೇ. ಬೀದಿ ನಲ್ಲಿಯಲ್ಲಿ ದಿನಾ ಬರುವುದಿಲ್ಲ, ಮನೆ ಮೇಲೆ 'ತಿನಾಕೊ' ಇರುತ್ತದೆ, ಥೇಟ್ ನಮ್ಮ ಸಿಂಟೆಕ್ಸ್ ಟ್ಯಾಂಕು. ಅದು ಖಾಲಿಯಾದ ದಿನ ಬಕೆಟ್ಟು, ಚೊಂಬು. ಕುಡಿಯುವುದಕ್ಕೆ ಐದು ಗ್ಯಾಲನ್ ಕ್ಯಾನು. ಬೀದಿ ಮೂಲೆಯ 'ಕೊಲ್ಮಾದೊ' ಅಂಗಡಿಗೆ ಫೋನ್ ಮಾಡಿದರೆ ಹುಡುಗ ಬೈಕಿನಲ್ಲಿ ತಂದು ಇಳಿಸಿ ಹೋಗುತ್ತಾನೆ. ಮಗಳು ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದವಳಾದರೆ ಅರ್ಧ ತಯಾರಿ ಆಗಿದೆ ಅಂದುಕೊಳ್ಳಿ. ಇಲ್ಲದಿದ್ದರೆ ಈ ಸಲದ ರಜೆಯಲ್ಲಿ ಕಳಿಸಿ. ತಮಾಷೆಗೆ ಹೇಳುತ್ತಿಲ್ಲ.

ಆದರೆ ಮನೆಗಳು ಮುರಿಯುವುದು ಕರೆಂಟಿಗೂ ಅಲ್ಲ, ನೀರಿಗೂ ಅಲ್ಲ. ಬಾಗಿಲಿಗೆ.

ಡೊಮಿನಿಕನ್ ಮನೆಯ ಮುಂದೆ 'ಗಲೆರೀಯ' ಅಂತ ಇರುತ್ತದೆ. ಜಗಲಿ ಅನ್ನಿ. ಸಂಜೆ ಆದರೆ ತೂಗು ಕುರ್ಚಿ ಹಾಕಿಕೊಂಡು ಎಲ್ಲರೂ ಅಲ್ಲೇ. ಅಜ್ಜಿ, ಪಕ್ಕದ ಮನೆಯವರು, ದಾರಿಯಲ್ಲಿ ಹೋಗುವವರು, ಒಂದು ರೇಡಿಯೊ. ಅಮೆರಿಕದ ಹದಿನೈದರ ಹುಡುಗಿ ಸ್ಕೂಲಿಂದ ಬಂದು ರೂಮಿನ ಬಾಗಿಲು ಹಾಕಿಕೊಂಡು ಫೋನ್ ಹಿಡಿದು ಮಲಗುತ್ತಾಳೆ. ಅವಳ ಲೆಕ್ಕದಲ್ಲಿ ಅದು ಸುಮ್ನೆ ರೆಸ್ಟು. ಆ ಮನೆಯ ತಾಯಿಯ ಲೆಕ್ಕದಲ್ಲಿ ಹುಡುಗಿಗೆ ಹುಷಾರಿಲ್ಲ, ಇಲ್ಲಾ ನಮ್ಮ ಮೇಲೆ ಮುನಿಸು. ನಾಲ್ಕು ದಿನ ಕೇಳುತ್ತಾರೆ, ಐದನೇ ದಿನ ಸುಮ್ಮನಾಗುತ್ತಾರೆ. ತಿಂಗಳಾದ ಮೇಲೆ ಮಗುವನ್ನು ಕಳಿಸಿದ ಸಂಸ್ಥೆಯವರಿಗೆ ಫೋನ್ ಬರುತ್ತದೆ. ನಾನು ಕಂಡ ಮನೆ ಬದಲಾವಣೆಗಳಲ್ಲಿ ಹೆಚ್ಚಿನವು ಹೀಗೇ ಶುರುವಾದದ್ದು. ಮಗಳಿಗೆ ಒಂದೇ ಮಾತು ಹೇಳಿ ಕಳಿಸಿ: ಮಾತು ಬರದಿದ್ದರೂ ಪರವಾಗಿಲ್ಲ, ಹೋಗಿ ಜಗಲಿಯಲ್ಲಿ ಕೂತುಕೊ.

ಇನ್ನೊಂದು ಚಿಕ್ಕ ವಿಷಯ. ಮಕ್ಕಳು ಮನೆಯಿಂದ ಹೊರಡುವಾಗ, ಬಂದಾಗ, ಹಿರಿಯರಿಗೆ "ಬೆಂದಿಸ್ಯೋನ್" ಅನ್ನುತ್ತಾರೆ. ಆಶೀರ್ವಾದ ಮಾಡಿ ಅಂತ. ಅವರು "ದಿಯೋಸ್ ತೆ ಬೆಂದಿಗ" ಅನ್ನುತ್ತಾರೆ, ದೇವರು ಒಳ್ಳೇದು ಮಾಡಲಿ ಅಂತ. ಕಾಲಿಗೆ ಬಿದ್ದು ಅಭ್ಯಾಸ ಇರುವ ಮಗುವಿಗೆ ಇದೇನು ದೊಡ್ಡದಲ್ಲ. ನನ್ನ ಕಡೆಯಿಂದ ಹೋದ ಒಬ್ಬ ಹುಡುಗಿ ಎರಡನೇ ವಾರ ಅಡುಗೆಮನೆಯಲ್ಲಿದ್ದ ಅಜ್ಜಿಗೆ ಹೀಗೆ ಅಂದಳಂತೆ. ಅಜ್ಜಿ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಅವಳ ತಲೆ ಮೇಲೆ ಕೈಯಿಟ್ಟರಂತೆ. ಆ ಮನೆಯಲ್ಲಿ ಆಮೇಲೆ ಅವಳಿಗೆ ತೊಂದರೆ ಬರಲಿಲ್ಲ.

ಸೌಟು ಅಂದ ಮೇಲೆ ಊಟ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ಸಸ್ಯಾಹಾರಿ ಮನೆಯವರು ಇಲ್ಲೇ ಎಡವುತ್ತಾರೆ. ಮಧ್ಯಾಹ್ನದ ಊಟಕ್ಕೆ ಅಲ್ಲಿ 'ಲಾ ಬಂದೆರ' ಅಂತ ಹೆಸರು, ಬಾವುಟ ಅಂತ ಅರ್ಥ. ಅನ್ನ, ಕೆಂಪು ಬೀನ್ಸಿನ ಗೊಜ್ಜು, ಮಾಂಸ. ಮಾಂಸ ಬಿಟ್ಟರೆ ಉಳಿದದ್ದು ಅನ್ನ ಸಾರೇ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಅಲ್ಲೇ ಇರೋದು ತಿರುವು. "ನಾನು ಕಾರ್ನೆ ತಿನ್ನುವುದಿಲ್ಲ" ಅಂದರೆ ಎಷ್ಟೋ ಮನೆಗಳಲ್ಲಿ ಕೋಳಿ ಬಡಿಸುತ್ತಾರೆ. ಅವರ ಮಾತಿನಲ್ಲಿ ಕಾರ್ನೆ ಅಂದರೆ ದನ, ಹಂದಿ. ಕೋಳಿ ಬೇರೆ ಜಾತಿ. ಹಾಗಾಗಿ ಒಂದೊಂದೇ ಹೆಸರು ಹಿಡಿದು ಹೇಳಬೇಕು: ಪೋಯೊ ಇಲ್ಲ, ಪೆಸ್ಕಾದೊ ಇಲ್ಲ, ಹಮೋನ್ ಇಲ್ಲ, ಸಲಾಮಿ ಇಲ್ಲ. ಕೋಳಿ, ಮೀನು, ಹಂದಿಯ ಹ್ಯಾಮ್, ಸಲಾಮಿ. ಬೆಳಗಿನ ತಿಂಡಿ 'ಮಂಗೂ', ಬಾಳೆಕಾಯಿ ಬೇಯಿಸಿ ಕಿವುಚಿ ಮೇಲೆ ಹುರಿದ ಈರುಳ್ಳಿ ಹಾಕುತ್ತಾರೆ. ತುಂಬ ಚೆನ್ನಾಗಿರುತ್ತದೆ. ಪಕ್ಕದಲ್ಲಿ ಕರಿದ ಸಲಾಮಿ, ಕರಿದ ಚೀಸು, ಮೊಟ್ಟೆ. ಸಲಾಮಿ ಬೇಡ ಅಂದರೆ ನಿಮ್ಮ ಮಗಳಿಗೆ ಪೂರ್ತಿ ತಿಂಡಿ ಆಯಿತು.

ಕಣ್ಣಿಗೆ ಕಾಣದ್ದು 'ಸೊಪಿತ'. ಬೀನ್ಸಿಗೆ, ಅನ್ನಕ್ಕೆ, ಎಲ್ಲದಕ್ಕೂ ಹಾಕುವ ಚಿಕ್ಕ ಕ್ಯೂಬು, ಸಾಮಾನ್ಯವಾಗಿ ಕೋಳಿಯದ್ದು. ನಮ್ಮಲ್ಲಿ ಸಾರಿನ ಪುಡಿ ಇದ್ದ ಹಾಗೆ, ಕೈ ತಾನಾಗಿ ಹೋಗುತ್ತದೆ. ಅಡುಗೆ ಮಾಡುವವರಿಗೆ ಅದು ಮಾಂಸ ಅಂತ ಹೊಳೆಯುವುದೇ ಇಲ್ಲ. ಇದನ್ನು ಅರ್ಜಿಯಲ್ಲೇ ಬರೆಯಿರಿ. 'ವೆಜಿಟೇರಿಯನ್' ಅಂತ ಒಂದು ಪದ ಬರೆದು ಬಿಟ್ಟರೆ ಸಾಲದು. ನಿಮ್ಮ ಮಡಿ ಎಲ್ಲಿಯವರೆಗೆ ಅನ್ನೋದನ್ನೂ ಮನೆಯಲ್ಲಿ ಕೂತು ಈಗಲೇ ತೀರ್ಮಾನ ಮಾಡಿ. ಅದೇ ಬಾಣಲೆಯಲ್ಲಿ ಕರಿದ ಬಾಳೆಕಾಯಿ ನಡೆಯುತ್ತಾ? ನಡೆಯೋದಿಲ್ಲ ಅಂತಾದರೆ ಈ ದೇಶ ಬೇಡ. ನೇರವಾಗಿಯೇ ಹೇಳುತ್ತೇನೆ.

ನಡೆಯುತ್ತೆ ಅಂದರೆ ಸಂತೋಷದ ಸುದ್ದಿ ಬೇಕಾದಷ್ಟಿದೆ. ಅಲ್ಲಿಯ ಸಂತೆಯಲ್ಲಿ 'ತಯೋತ' ಅಂದರೆ ಸೀಮೆಬದನೆ. 'ಮೊಲೊಂದ್ರೋನ್' ಬೆಂಡೆಕಾಯಿ. 'ಯೂಕ' ಮರಗೆಣಸು. 'ಗ್ವಾಂದೂಲೆಸ್' ಅಂತ ಸೇರಿನಲ್ಲಿ ಅಳೆದು ಕೊಡುವ ಹಸಿ ಕಾಳು ನೋಡಿ ನಾನು ಮೊದಲ ದಿನ ಅಲ್ಲೇ ನಿಂತುಬಿಟ್ಟೆ. ತೊಗರಿ! ನಮ್ಮ ಕಡೆಯಿಂದ ಆಫ್ರಿಕಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲಿ ಈ ದ್ವೀಪಗಳಿಗೆ ಬಂದ ಕಾಳು. ಅದನ್ನು ತೆಂಗಿನ ಹಾಲಿನಲ್ಲಿ ಅನ್ನದ ಜೊತೆ ಬೇಯಿಸಿ 'ಮೋರೊ' ಮಾಡುತ್ತಾರೆ. ತಳ ಹತ್ತಿದ ಅನ್ನಕ್ಕೆ 'ಕೊಂಕೋನ್' ಅಂತ ಹೆಸರು. ಅದನ್ನು ಕೆರೆದು ಹಂಚಿಕೊಳ್ಳುವಾಗ ಮನೆ ಮಕ್ಕಳು ಜಗಳ ಆಡುತ್ತಾರೆ. ಮಗಳು ಆ ಜಗಳದಲ್ಲಿ ಸೇರಿಕೊಂಡಳು ಅಂತ ಸುದ್ದಿ ಬಂದ ದಿನ ನೀವು ನಿಶ್ಚಿಂತೆಯಿಂದ ಮಲಗಬಹುದು.

ಸ್ಪ್ಯಾನಿಷ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ತಿಂಗಳು ಅವಳು ಅಳುತ್ತಾ ಫೋನ್ ಮಾಡುತ್ತಾಳೆ, ಕ್ಲಾಸಿನಲ್ಲಿ ಎ ಪ್ಲಸ್ ಬಂದಿದ್ದರೂ ಒಂದಕ್ಷರ ಅರ್ಥ ಆಗ್ತಿಲ್ಲ ಅಂತ. ಡೊಮಿನಿಕನ್ನರು ಪದದ ಕೊನೆಯ 'ಸ' ನುಂಗುತ್ತಾರೆ. 'ಮಾಸ್ ಓ ಮೇನೊಸ್' ಅನ್ನೋದು 'ಮಾ ಓ ಮೇನೊ' ಆಗುತ್ತದೆ. ಸಾಂತಿಯಾಗೊ ಸುತ್ತಲಿನ ಹಳ್ಳಿಗಳಲ್ಲಿ 'ಪೊರ್ ಫವೋರ್' ಹೋಗಿ 'ಪೊಯ್ ಫವೋಯ್'. ಪುಸ್ತಕದ ಕನ್ನಡ ಕಲಿತವರು ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, 'ಹಾಲು' ಎಲ್ಲಿ 'ಆಲು' ಆಯಿತು ಅಂತ ಹುಡುಕಿದ ಹಾಗೆ. ನೀವು ಮಂಡ್ಯದವರು, ಅವಳಿಗೆ ಇದನ್ನು ನನಗಿಂತ ಚೆನ್ನಾಗಿ ವಿವರಿಸುತ್ತೀರಿ. 'ಅವೊರೀತ' ಅನ್ನೋ ಪದದ ಬಗ್ಗೆ ಮಾತ್ರ ಎಚ್ಚರ. ಪಾಠದಲ್ಲಿ 'ಈಗಲೇ' ಅಂತ ಕಲಿತಿರುತ್ತಾಳೆ. ಅಲ್ಲಿ ಅದಕ್ಕೆ 'ಆಮೇಲೆ' ಅಂತ ಅರ್ಥ. ನೀರಿನ ಕ್ಯಾನು 'ಅವೊರೀತ' ಬರುತ್ತೆ ಅಂತ ನಾನು ಬಾಗಿಲಲ್ಲಿ ಕಾದದ್ದು ಒಂದು ಇಡೀ ಸಂಜೆ.

ಮೂರು ತಿಂಗಳು ಕಳೆಯಲಿ, ಮಾತು ತಾನಾಗಿ ಬಿಡುತ್ತದೆ. ಅದಕ್ಕೇ ನಾನು ಮೂರು ವಾರದ ಬೇಸಿಗೆ ಪ್ರವಾಸಗಳನ್ನು ಹೆಚ್ಚು ಹೊಗಳುವುದಿಲ್ಲ. ಒಂದು ಗೋಡೆಗೆ ಬಣ್ಣ ಬಳಿದು, ಬಡ ಮಕ್ಕಳ ಜೊತೆ ಫೋಟೊ ತೆಗೆದುಕೊಂಡು ಬರುವಂಥವು. ಮಾತು ಬಿಡುವ ಹೊತ್ತಿಗೆ ವಿಮಾನ ಹತ್ತಿರುತ್ತಾರೆ.

ಈಗ ಸೇಫ್ಟಿ. ಅಮೆರಿಕದ ವಿದೇಶಾಂಗ ಇಲಾಖೆ ಅಪರಾಧದ ಕಾರಣ ಕೊಟ್ಟು ಈ ದೇಶವನ್ನು ಎರಡನೇ ಹಂತದಲ್ಲಿ ಇಟ್ಟಿತ್ತು, ಹೆಚ್ಚು ಎಚ್ಚರ ಇರಲಿ ಅನ್ನೋ ಹಂತ. ಹೊರಡುವ ಮುಂಚೆ ಮತ್ತೊಮ್ಮೆ ನೋಡಿಕೊಳ್ಳಿ. ನನಗೆ ಅದಕ್ಕಿಂತ ಜಾಸ್ತಿ ಭಯ ರಸ್ತೆಯದ್ದು. ರಸ್ತೆ ಸಾವಿನ ಲೆಕ್ಕದಲ್ಲಿ ಜಗತ್ತಿನ ಮೇಲಿನ ಸಾಲಿನಲ್ಲಿ ಬರುವ ದೇಶ ಅದು, ಸಾಯುವವರಲ್ಲಿ ಬಹಳ ಮಂದಿ ಬೈಕಿನವರು. 'ಮೊತೊಕೊಂಚೊ' ಅನ್ನೋ ಬೈಕ್ ಟ್ಯಾಕ್ಸಿ ಮೂಲೆಮೂಲೆಗೂ ಸಿಗುತ್ತದೆ, ಅಗ್ಗ, ಹೆಲ್ಮೆಟ್ ಇರುವುದಿಲ್ಲ. ಹತ್ತಲೇಬಾರದು ಅಂತ ಮಾತು ತೆಗೆದುಕೊಳ್ಳಿ. ಹತ್ತಿದ್ದು ಗೊತ್ತಾದರೆ ಮಗುವನ್ನು ವಾಪಸ್ ಕಳಿಸುವ ಸಂಸ್ಥೆಗಳಿವೆ, ಅದು ಸರಿಯೇ. ಬೀದಿಯಲ್ಲಿ ಹುಡುಗಿಯರನ್ನು ನೋಡಿ ಗಂಡಸರು ಕಾಮೆಂಟ್ ಹೊಡೆಯುವುದು ಅಲ್ಲಿ ಮಾಮೂಲಿ. ಮೊದಲ ವಾರ ಅವಳಿಗೆ ಮೈ ಉರಿಯುತ್ತದೆ. ಮನೆಯ ಅಕ್ಕ ತಂಗಿಯರು ಹೇಗೆ ಕೇಳದ ಹಾಗೆ ನಡೆಯುತ್ತಾರೆ ನೋಡಿ ಕಲಿಯುತ್ತಾಳೆ. ಅದಕ್ಕೇ ಅವಳ ವಯಸ್ಸಿನ ಹುಡುಗಿ ಇರುವ ಮನೆಯನ್ನೇ ಕೇಳಿ. ಸೊಳ್ಳೆ ನಿಮಗೆ ಗೊತ್ತಿರುವುದೇ, ಡೆಂಗಿ ಇದೆ, 2014ರಲ್ಲಿ ಚಿಕೂನ್‌ಗುನ್ಯ ಮನೆಮನೆಗೂ ಬಂದಿತ್ತು. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಅಂದರೆ ಸ್ಕೂಲು ಶುರುವಾಗುವ ಹೊತ್ತಿಗೇ ಅದರ ಜೋರು. ಫಿಯೋನ ಚಂಡಮಾರುತ ಅಪ್ಪಳಿಸಿದ್ದು 2022ರ ಸೆಪ್ಟೆಂಬರಿನಲ್ಲಿ. ಆಗ ಯಾರಿಗೆ ಫೋನ್ ಮಾಡಬೇಕು, ಮಗು ಎಲ್ಲಿಗೆ ಹೋಗಬೇಕು ಅನ್ನೋದನ್ನು ಸಂಸ್ಥೆಯವರು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಬಾಯಿಮಾತು ಬೇಡ.

ಒಂದು ವಿಷಯವನ್ನು ಬ್ರೋಷರ್‌ಗಳಲ್ಲಿ ಹಾಕುವುದಿಲ್ಲ. ಮೈಬಣ್ಣ. ಆ ದೇಶದಲ್ಲಿ 'ಇಂದಿಯೊ' ಅನ್ನೋದು ಕಂದು ಬಣ್ಣಕ್ಕೆ ಇಟ್ಟ ಹೆಸರು. ಬಹಳ ವರ್ಷ ಅವರ ಗುರುತಿನ ಚೀಟಿಯಲ್ಲೇ ಹಾಗೆ ಬರೆಯುತ್ತಿದ್ದರು. ನಮ್ಮ ದೇಶಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಜವಾದ ಭಾರತದವರಿಗೆ, ಕ್ರೈಸ್ತರಾಗಲಿ ಮುಸ್ಲಿಮರಾಗಲಿ, 'ಹಿಂದೂ' ಅಂತಲೇ ಅನ್ನುತ್ತಾರೆ. ನಿಮ್ಮ ಮಗಳನ್ನು ಎಷ್ಟೋ ಜನ ತಮ್ಮವಳೇ ಅಂದುಕೊಂಡು ದಾರಿ ಕೇಳುತ್ತಾರೆ, ಅದು ಖುಷಿಯೇ. ಆದರೆ ಬಣ್ಣ ಇನ್ನೂ ಸ್ವಲ್ಪ ಕಪ್ಪಾದರೆ ಹೈಟಿಯವಳು ಅಂದುಕೊಳ್ಳುವ ಸಾಧ್ಯತೆಯೂ ಇದೆ. ಆ ಎರಡು ದೇಶಗಳ ನಡುವಿನ ಗಾಯ ಹಳೆಯದು. 1937ರಲ್ಲಿ ಸರ್ವಾಧಿಕಾರಿ ತ್ರುಹಿಯೊ ಗಡಿಯಲ್ಲಿ ಸಾವಿರಾರು ಹೈಟಿಯವರನ್ನು ಕೊಲ್ಲಿಸಿದ. 2013ರ ಒಂದು ಕೋರ್ಟ್ ತೀರ್ಪು, ಅಲ್ಲೇ ಹುಟ್ಟಿದ ಹೈಟಿ ಮೂಲದ ಜನರ ಪೌರತ್ವವನ್ನೇ ಕಿತ್ತುಕೊಂಡಿತು. ಈಗಲೂ ವಲಸೆ ಇಲಾಖೆಯವರು ಬೀದಿಯಲ್ಲಿ ಜನರನ್ನು ಹಿಡಿದು ಗಡಿ ದಾಟಿಸುತ್ತಾರೆ. ಕಪ್ಪು ಬಣ್ಣದ ಅಮೆರಿಕನ್ನರನ್ನೂ ತಡೆದು ಪ್ರಶ್ನೆ ಮಾಡುತ್ತಿದ್ದಾರೆ ಅಂತ 2022ರ ನವೆಂಬರಿನಲ್ಲಿ ಅಮೆರಿಕದ ರಾಯಭಾರ ಕಚೇರಿಯೇ ಎಚ್ಚರಿಕೆ ಕೊಟ್ಟಿತ್ತು. ಪಾಸ್‌ಪೋರ್ಟಿನ ಕಾಪಿ, ಸ್ಕೂಲಿನ ಗುರುತಿನ ಚೀಟಿ ಸದಾ ಬ್ಯಾಗಿನಲ್ಲಿರಲಿ. ಅದಕ್ಕಿಂತ ಮುಖ್ಯವಾಗಿ, ಈ ಕಥೆ ಗೊತ್ತಿದ್ದುಕೊಂಡೇ ಹೋಗಲಿ. ಅವಳನ್ನು ಅಪ್ಪಿಕೊಳ್ಳುವ ಅದೇ ಅಜ್ಜಿ ಒಂದು ಸಂಜೆ ಹೈಟಿಯವರ ಬಗ್ಗೆ ಕೇಳಬಾರದ ಮಾತು ಆಡಬಹುದು. ನಮ್ಮ ಮನೆಗಳಲ್ಲೂ ಇಂಥ ಸಂಜೆಗಳು ಇರುತ್ತವೆ, ಅಲ್ವಾ?

ಸ್ಕೂಲಿಗೆ ಬರೋಣ. 'ಕೊಲೇಹಿಯೊ' ಅಂದರೆ ಕಾಲೇಜಲ್ಲ, ಖಾಸಗಿ ಶಾಲೆ. ಸರ್ಕಾರಿ ಹೈಸ್ಕೂಲಿಗೆ 'ಲಿಸೆಯೊ' ಅನ್ನುತ್ತಾರೆ. ಯೂನಿಫಾರ್ಮ್ ಇರುತ್ತದೆ, ಬೆಳಿಗ್ಗೆ ಬಾವುಟ, ರಾಷ್ಟ್ರಗೀತೆ ಇರುತ್ತದೆ. ಒಂದು ಕ್ಲಾಸಿನ ಮಕ್ಕಳು ವರ್ಷವಿಡೀ ಒಟ್ಟಿಗೇ ಕೂರುತ್ತಾರೆ, ಬದಲಾಗುವುದು ಮೇಷ್ಟ್ರು. ಅಮೆರಿಕದ ಹಾಗೆ ಗಂಟೆಗೊಂದು ರೂಮಿಗೆ ಓಡುವುದಿಲ್ಲ. ಮಾತು ಬರದ ಹೊಸಬಳಿಗೆ ಇದು ದೊಡ್ಡ ಉಪಕಾರ. ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಈಗ ಎಂಟು ಗಂಟೆಯ ದಿನ, ಮಧ್ಯಾಹ್ನ ಬಿಸಿಯೂಟ. ಅದು ಸುಮ್ನೆ ಬಂದದ್ದಲ್ಲ. ದೇಶದ ಒಟ್ಟು ಉತ್ಪನ್ನದ ಶೇ 4ರಷ್ಟು ಶಿಕ್ಷಣಕ್ಕೆ ಕೊಡಬೇಕು ಅನ್ನೋ ಕಾನೂನು 1997ರಿಂದಲೇ ಇತ್ತು, ಕೊಡುತ್ತಿರಲಿಲ್ಲ. ಜನ ಹಳದಿ ಕೊಡೆ ಹಿಡಿದು ಬೀದಿಗಿಳಿದ ಮೇಲೆ 2013ರ ಬಜೆಟ್ಟಿನಲ್ಲಿ ಕೊಟ್ಟರು. ಹಾಗಂತ ಪಾಠದ ಮಟ್ಟ ಎಡಿಸನ್‌ನಷ್ಟು ಇರುತ್ತದೆ ಅಂತ ನಂಬಿಕೊಂಡು ಕಳಿಸಬೇಡಿ. ಗಣಿತದಲ್ಲಿ, ವಿಜ್ಞಾನದಲ್ಲಿ ಅವಳು ಹಿಂದೆ ಬೀಳುತ್ತಾಳೆ.

ವರ್ಷ ಹಾಳಾಗುತ್ತಾ ಅನ್ನೋ ಪ್ರಶ್ನೆಗೆ ಉತ್ತರ ನಿಮ್ಮ ಹೈಸ್ಕೂಲಿನ ಕೌನ್ಸೆಲರ್ ಕೈಯಲ್ಲಿದೆ. ನ್ಯೂಜೆರ್ಸಿಯಲ್ಲಿ ಎರಡು ವರ್ಷದ ಅಮೆರಿಕದ ಇತಿಹಾಸ ಕಡ್ಡಾಯ, ಬಹಳ ಶಾಲೆಗಳಲ್ಲಿ ಅದು ಹತ್ತರಲ್ಲೇ ಶುರುವಾಗುತ್ತದೆ. ವ್ಯಾಯಾಮ ಮತ್ತು ಆರೋಗ್ಯದ ಕ್ಲಾಸು ಪ್ರತಿವರ್ಷ ಬೇಕು. ಇವಕ್ಕೆಲ್ಲ ಏನು ಮಾಡುತ್ತೀರಿ, ಅಲ್ಲಿಯ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಕೊಡುತ್ತೀರಿ ಅಂತ ಹೊರಡುವ ಮುಂಚೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒಬ್ಬ ಹುಡುಗನ ವಿಷಯದಲ್ಲಿ ನಾನೇ ಮೋಸಹೋದೆ. ಅವನ ಶಾಲೆಯವರು ಫೋನಿನಲ್ಲಿ "ನೋ ಪ್ರಾಬ್ಲಮ್" ಅಂದರು, ನಂಬಿದೆ. ವಾಪಸ್ ಬರುವ ಹೊತ್ತಿಗೆ ಕೌನ್ಸೆಲರ್ ಬದಲಾಗಿದ್ದರು, ಅರ್ಧ ಕ್ರೆಡಿಟ್ ಹೋಯಿತು. ಆಮೇಲಿಂದ ಸಹಿ ಇಲ್ಲದ ಮಾತು ನನಗೆ ಲೆಕ್ಕಕ್ಕಿಲ್ಲ. ಬರುವಾಗ ಅಲ್ಲಿಯ ಶಾಲೆಯಿಂದ 'ರೆಕೊರ್ದ್ ದೆ ನೋತಸ್' ಅನ್ನೋ ಅಂಕಪಟ್ಟಿ ತರಬೇಕು. ಅಂಕ ನೂರಕ್ಕೆ, ಪಾಸಾಗಲು 70 ಬೇಕು. ಗಣಿತವನ್ನು ಮಾತ್ರ ಬೇಸಿಗೆಯಲ್ಲೋ ಆನ್‌ಲೈನಿನಲ್ಲೋ ಮುಗಿಸಿಕೊಳ್ಳಲಿ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ ಎಪಿ, ಅದನ್ನು ಸ್ಪ್ಯಾನಿಷಿನಲ್ಲಿ ಬರೆದರೆ ಅದು ಅವಳ ಕೈಯಲ್ಲೇ ಇದ್ದ ಹಾಗೆ.

ಹತ್ತನೇ ಗ್ರೇಡು ಇದಕ್ಕೆ ಒಳ್ಳೆಯ ವರ್ಷ. ಹನ್ನೊಂದು ಬೇಡ, ಎಪಿ, ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆ, ಕಾಲೇಜಿನ ತಲೆನೋವು ಎಲ್ಲ ಒಟ್ಟಿಗೆ ಬರುತ್ತವೆ. ಹನ್ನೆರಡು ಮುಗಿಸಿ ಹೋಗುವುದೂ ಕೆಟ್ಟದ್ದಲ್ಲ, ಆದರೆ ಆಗ ಅವಳು ಮನೆ ಮಗಳಾಗಿ ಸೇರುವುದಿಲ್ಲ, ಬಾಡಿಗೆಯವಳ ಹಾಗೆ ಇರುತ್ತಾಳೆ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಅವಳದು ಅಮೆರಿಕದ ಪಾಸ್‌ಪೋರ್ಟು, ಹಾಗಾಗಿ ಅರ್ಧ ತಲೆನೋವು ಇಲ್ಲ. ಟೂರಿಸ್ಟ್ ಆಗಿ ಹೋಗಿ ವರ್ಷ ಕೂರುವಂತಿಲ್ಲ, ವಿದ್ಯಾರ್ಥಿ ವೀಸಾ ಬೇಕು. ನೀವಿಬ್ಬರೂ ನೋಟರಿ ಮುಂದೆ ಸಹಿ ಮಾಡಿದ ಒಪ್ಪಿಗೆ ಪತ್ರಕ್ಕೆ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ಮುದ್ರೆ, ಮಾಡಿಸಿ ಇಟ್ಟುಕೊಳ್ಳಿ. ಸಂಸ್ಥೆ ಆರಿಸುವಾಗ ಸಿಎಸ್‌ಐಇಟಿ ಪಟ್ಟಿಯಲ್ಲಿದೆಯಾ ನೋಡಿ, ಹೈಸ್ಕೂಲ್ ಎಕ್ಸ್‌ಚೇಂಜ್ ಸಂಸ್ಥೆಗಳನ್ನು ಜಾಲಾಡುವ ಅಮೆರಿಕದ ಮಂಡಳಿ ಅದು. ಎಎಫ್‌ಎಸ್‌ನಂಥ ಹಳೇ ಸಂಸ್ಥೆ 1947ರಿಂದ ಹೈಸ್ಕೂಲ್ ಮಕ್ಕಳ ಎಕ್ಸ್‌ಚೇಂಜ್ ನಡೆಸುತ್ತಿದೆ. ಅಂಥ ಕಡೆ ಮನೆಯವರು ದುಡ್ಡಿಗಾಗಿ ಮಗುವನ್ನು ಇಟ್ಟುಕೊಳ್ಳುವುದಿಲ್ಲ. ದುಡ್ಡು ಕೊಟ್ಟು ಇಡುವ ಮನೆಗಳೆಲ್ಲ ಕೆಟ್ಟವು ಅಂತಲ್ಲ, ಆದರೆ ಅಂಥಲ್ಲಿ ಒಂದೇ ಮನೆಯಲ್ಲಿ ಮೂರು ಅಮೆರಿಕನ್ ಮಕ್ಕಳು ಸೇರಿಕೊಂಡು ಇಂಗ್ಲಿಷಿನಲ್ಲೇ ಹರಟೆ ಹೊಡೆಯುವುದನ್ನು ನೋಡಿದ್ದೇನೆ.

ಕೊನೆಗೆ ನಿಮಗೊಂದು ಕೆಲಸ. ದಿನಾ ವಿಡಿಯೊ ಕಾಲ್ ಮಾಡಬೇಡಿ. ಭಾನುವಾರ ಒಂದು ಸಲ, ಸಾಕು. ಕರೆಂಟಿಲ್ಲದೆ ಆ ಭಾನುವಾರ ಫೋನ್ ಹತ್ತದಿದ್ದರೆ ಸೋಮವಾರದವರೆಗೆ ಕಾಯಿರಿ. ಮನೆ ಗೊತ್ತಾದ ಕೂಡಲೇ ಆ ತಾಯಿಗೆ ನೀವೇ ಒಂದು ಮೆಸೇಜ್ ಹಾಕಿ, ಮಗಳ ಕೈಯಲ್ಲಿ ಸ್ಪ್ಯಾನಿಷ್ ಮಾಡಿಸಿ. ಸೊಪಿತದ ವಿಷಯ ಎರಡನೇ ಮೆಸೇಜಿಗೆ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಅವರ ಮನೆಯಲ್ಲಿ ಯಾರ್‍ಯಾರಿದ್ದಾರೆ, ಎಲ್ಲರೂ ಚೆನ್ನಾಗಿದ್ದಾರಾ ಅಂತ ಮಾತ್ರ ಕೇಳಿ.